ಸುರಂಗ ಬಂದರೆ ಎದ್ದು ನಿಲ್ಲಬೇಕು

ನನ್ನ ಓರಗೆಯ ನಿವೃತ್ತ ಅಧ್ಯಾಪಕರೆಲ್ಲ ಒಂದಲ್ಲ ಒಂದು ವಿದೇಶಕ್ಕೆ ಹೋಗಿ ಬಂದಿದ್ದಾರೆ. ಬಂದವರು ಸುಮ್ಮನೆ ಕೂರುವುದಿಲ್ಲ. ಅಲ್ಲಿ ಹಾರ್ನ್ ಹೊಡೆಯುವುದಿಲ್ಲ, ಅಲ್ಲಿ ನಾಯಿಗೂ ಗುರುತಿನ ಚೀಟಿ ಇದೆ ಎಂದು ವರ್ಷಗಟ್ಟಲೆ ಹೇಳುತ್ತಾರೆ. ನನಗೆ ಪಾಸ್‌ಪೋರ್ಟೇ ಇಲ್ಲ. ನಾನು ಹೋದದ್ದು ಗದಗಿನಿಂದ ಒಂದು ರಾತ್ರಿ ರೈಲಿನಲ್ಲಿ ಮಲಗಿ ಏಳುವಷ್ಟು ದೂರ, ಠಾಣೆ ಮತ್ತು ಡೊಂಬಿವಲಿಗೆ. ಆದರೂ ಪರದೇಶಕ್ಕೆ ಹೋಗಿ ಬಂದೆ ಎಂದೇ ನಾನು ಹೇಳಿಕೊಳ್ಳುತ್ತೇನೆ. ಅಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಲಂಡನ್ನಿಗೆ ಹೋದವರಿಗೆ ಉಳಿದದ್ದಕ್ಕಿಂತ ಖಂಡಿತ ಹೆಚ್ಚು.

ಡೊಂಬಿವಲಿಯ ಒಂದು ಕನ್ನಡ ಸಂಘದವರು ತಮ್ಮ ವಾರ್ಷಿಕೋತ್ಸವಕ್ಕೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ, 'ಹಳೆಯ ನಾಟಕ ಮತ್ತು ಇಂದಿನ ರಾಜಕಾರಣ'. ಕಾಲೇಜಿನಲ್ಲಿ ಬದುಕಿಡೀ ನಾಟಕ ಪಾಠ ಮಾಡಿದವಳು ನಾನು. ಸಿಂಹಾಸನದ ಮೇಲೆ ಕೂತವನು ರಂಗದ ಮೇಲೆ ತನ್ನನ್ನೇ ನೋಡಿ ಬೆಚ್ಚುತ್ತಾನೆ, ಆಮೇಲೆ ತಿದ್ದಿಕೊಳ್ಳುತ್ತಾನೆ ಎಂದು ದಪ್ಪನೆಯ ಪ್ರಬಂಧ ಬರೆದು ಚೀಲಕ್ಕೆ ಹಾಕಿಕೊಂಡೆ. ಬೆಚ್ಚುವವರು ಯಾರು, ತಿದ್ದಿಕೊಳ್ಳುವವರು ಯಾರು ಎಂದು ಆಗ ಯಾರಾದರೂ ಕೇಳಿದ್ದರೆ ಥಟ್ಟನೆ ಉತ್ತರ ಕೊಡುತ್ತಿದ್ದೆ. ಈಗ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ.

ಮಾಜಿವಾಡಾ

ಮೊದಲು ಇಳಿದದ್ದು ಠಾಣೆಯಲ್ಲಿ, ತಂಗಿಯ ಮಗಳು ವೀಣಾಳ ಮನೆಗೆ. ಮಾಜಿವಾಡಾ ನಾಕಾ ಎಂಬ ದೊಡ್ಡ ಕೂಡುರಸ್ತೆಯ ಹತ್ತಿರ ಬಹುಮಹಡಿ ಕಟ್ಟಡ. ಲಿಫ್ಟಿನಲ್ಲಿ ಕಿವಿ ಕಟ್ಟಿಕೊಂಡಿತು. ವೀಣಾಳ ಮಗಳು ಆರನೇ ಇಯತ್ತೆ ಓದುವ ಜಾಣೆ. ನಾನು ಕನ್ನಡದಲ್ಲಿ ಏನು ಕೇಳಿದರೂ ಪೂರ್ತಿ ತಿಳಿದುಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಕಿಟಕಿಯಿಂದ ದುಡ್ಡು ಕೊಟ್ಟು ಇನ್ನೊಂದು ಕಿಟಕಿಯಿಂದ ಚೀಟಿ ತೆಗೆದುಕೊಂಡಂತೆ ನಮ್ಮ ಮಾತು ನಡೆಯಿತು.

ಅದು ಮಹಾನಗರಪಾಲಿಕೆಯ ಚುನಾವಣೆಯ ಹೊತ್ತು. ನಾಕಾದ ತುಂಬ ಮನೆಯೆತ್ತರದ ಫಲಕಗಳು. ಒಂದೊಂದರಲ್ಲೂ ಕೈ ಮುಗಿದ ಒಬ್ಬ ದೊಡ್ಡ ಮನುಷ್ಯ, ಅವನ ಕಾಲಬುಡದಲ್ಲಿ ಬೆಳ್ಳುಳ್ಳಿ ಎಸಳಿನಂತೆ ಜೋಡಿಸಿದ ಪುಟ್ಟ ಪುಟ್ಟ ಮುಖಗಳು. ಭಾಷಣಕ್ಕೆ ಉದಾಹರಣೆ ಸಿಕ್ಕಿತೆಂದು ನನಗೆ ಖುಷಿ. "ಇಷ್ಟೊಂದು ಮಂದಿ ಚುನಾವಣೆಗೆ ನಿಂತಾರೇನ?" ಎಂದೆ.

"ನಹೀಂ ಆಜಿ, ಇನ್‌ಕಾ ಸಿರ್ಫ್ ಬರ್ತ್‌ಡೇ ಹೈ," ಅಂದಳು ಹುಡುಗಿ. ದೊಡ್ಡ ಮುಖದವನ ಹುಟ್ಟುಹಬ್ಬಕ್ಕೆ ಸಣ್ಣ ಮುಖದವರು ಶುಭ ಕೋರಿ ಹಾಕಿಸಿದ್ದಂತೆ. ಹಾಗಾದರೆ ನಿಂತವರು ಯಾರು ಎಂದರೆ ಆ ಸಣ್ಣ ಮುಖದವರೇ. ಕೈ ಮುಗಿದವನು ಬೇಡುತ್ತಿಲ್ಲ, ಬೇಡುವವರು ಕೈ ಮುಗಿದಿಲ್ಲ. ನಮ್ಮ ಊರಲ್ಲಿ ಕೈ ಮುಗಿದು ಮನೆ ಬಾಗಿಲಿಗೆ ಬಂದವನೇ ಅಭ್ಯರ್ಥಿ, ಅಷ್ಟು ಸರಳ. ಉದಾಹರಣೆಯನ್ನು ಅಲ್ಲೇ ಕೈಬಿಟ್ಟೆ.

ಠಾಣೆಯಿಂದ ಹೊರಟ ಲೋಕಲ್

ಶುಕ್ರವಾರ ಸಂಜೆ ನನ್ನನ್ನು ಡೊಂಬಿವಲಿಗೆ ಕರೆದೊಯ್ಯಲು ಸಂಘದ ದೇಸಾಯಿ ಬಂದರು. ಬಾಗಲಕೋಟೆ ಕಡೆಯವರು, ನವಿ ಮುಂಬಯಿಯ ವಾಶಿಯಲ್ಲಿ ಬ್ಯಾಂಕಿನ ಕೆಲಸ. ದಿನಾ ವಾಶಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಹೋಗುವವರು. ಸಣ್ಣ ದನಿ, ಸಣ್ಣ ಮೀಸೆ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ನನಗೆ ಅರ್ಧ ದಣಿವು ಇಳಿಯಿತು.

"ಅಕ್ಕಾರ, ನನ್ನ ಬೆನ್ನ ಬಿಡಬ್ಯಾಡ್ರಿ. ಹತ್ತೂದು ನಾವು ಹತ್ತೂದಲ್ಲ, ಮಂದಿ ಹತ್ತಸ್ತಾರ," ಅಂದರು. ಮಂದಿ ಹತ್ತಿಸಿದರು. ನನ್ನ ಚಪ್ಪಲಿ ನೆಲಕ್ಕೆ ತಾಗಿದ ನೆನಪೇ ಇಲ್ಲ.

ಒಳಗೆ ಒಬ್ಬ ನರೆಗೂದಲಿನವರು ದೇಸಾಯರನ್ನು ಕಂಡು ಎದ್ದು ನಿಂತು ಸೀಟು ಬಿಟ್ಟರು. ದೇಸಾಯರು ಅದನ್ನು ನನಗೆ ಕೊಟ್ಟರು. ಪಾಪ, ಅವರು ಇಳಿಯುವವರು ಇರಬೇಕೆಂದು ನಾನು ಕೂತೆ. ಗಾಡಿ ಹೊರಟಿತು. ಅವರು ಇಳಿಯಲೇ ಇಲ್ಲ.

"ಅವ್ರು ಕಲ್ಯಾಣದ ತನಕಾ ಹೋಗಾವ್ರರಿ," ಅಂದರು ದೇಸಾಯರು.

"ಮತ್ತ ಯಾಕ ಎದ್ರು?"

"ಮುಂಬಯಿ ವಿ.ಟಿ.ಯಿಂದ ಕುಂತ ಬಂದಾರಲ್ರಿ. ಠಾಣೆ ಬಂತಂದ್ರ ಏಳೂದು. ಅರ್ಧಾ ದಾರಿ ಕುಂತಾವ್ರು ಅರ್ಧಾ ದಾರಿ ನಿಲ್ಲೂದು. ಯಾರೂ ಬರದಿಟ್ಟ ಕಾಯ್ದೆ ಅಲ್ಲ. ಆದ್ರ ತಪ್ಪಿಸಿದಾವನ್ನ ಮರುದಿನ ಈ ಡಬ್ಬ್ಯಾಗ ಯಾರೂ ಮಾತಾಡ್ಸೂದಿಲ್ಲ."

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನು ಸಾಯುವ ತನಕ ಅದರ ಒಡೆಯ. ಇಲ್ಲಿ ಟಿಕೆಟ್ಟು ಕೊಂಡವನು, ಮೊದಲು ಬಂದವನು, ನ್ಯಾಯವಾಗಿ ಕೂತವನು, ಸುಮ್ಮನೆ ಎದ್ದು ನಿಂತು ಹರಟೆ ಮುಂದುವರಿಸುತ್ತಾನೆ. ನನಗೆ ಇದು ವಿಚಿತ್ರವೆನಿಸಿತು.

ಅಷ್ಟರಲ್ಲಿ ಎದುರು ನಿಂತಿದ್ದ ಅಪರಿಚಿತನೊಬ್ಬ ಬಗ್ಗಿ, "ಕುಠೇ ಉತರಣಾರ್?" ಎಂದು ಕೇಳಿದ. ಎಲ್ಲಿ ಇಳಿಯುತ್ತೀರಿ ಎಂದು. ಎಷ್ಟು ಸಜ್ಜನ, ಹೊಸಬಳನ್ನು ವಿಚಾರಿಸುತ್ತಿದ್ದಾನೆ ಎಂದುಕೊಂಡೆ. ನನ್ನ ಹರುಕು ಹಿಂದಿಯಲ್ಲಿ, ಡೊಂಬಿವಲಿಗೆ ಹೊರಟಿದ್ದೇನೆ, ಭಾಷಣವಿದೆ, ಊರು ಗದಗ, ತಂಗಿಯ ಮಗಳು ಠಾಣೆಯಲ್ಲಿದ್ದಾಳೆ ಎಂದು ವಿವರವಾಗಿ ಹೇಳಿದೆ. ಅವನು ಡೊಂಬಿವಲಿ ಎಂಬಲ್ಲಿಗೇ ತಲೆಯಾಡಿಸಿ ಮುಖ ತಿರುಗಿಸಿದ್ದ.

"ಅವ್ರು ನಿಮ್ಮ ಊರು ಕೇಳಿಲ್ರಿ, ನಿಮ್ಮ ಸೀಟು ಕೇಳ್ಯಾರ," ದೇಸಾಯರು ನಕ್ಕರು. "ನೀವು ಎದ್ದ ಮ್ಯಾಲೆ ಆ ಜಾಗಾ ಅವ್ರದು. ಈಗ ಅದು ಪಕ್ಕಾ ಆತು. ಪಾರ್ಸಿಕ್ ಬೋಗದಾ ಬರ್ತೈತಿ, ಸುರಂಗ. ಅದು ಬಂತಂದ್ರ ಎದ್ದು ಬಾಗಲಕ್ಕ ಬರ್ರಿ. ಆಮ್ಯಾಲೆ ಎದ್ರ ಉಪಯೋಗಿಲ್ಲ."

ಸುರಂಗ ಬಂತು. ಕತ್ತಲು, ಗಡಗಡ ಸದ್ದು, ಬಾಗಿಲಿನಿಂದ ತಣ್ಣನೆಯ ಗಾಳಿ. ಹಿತವಾಗಿತ್ತು. ಇನ್ನೊಂದು ಚೂರು ಕೂತಿರೋಣ ಎನ್ನಿಸಿತು. ನಿಂತವರೆಲ್ಲ ಬಾಗಿಲ ಕಡೆ ಸರಿಯುತ್ತಿದ್ದುದು ಕಾಣುತ್ತಿತ್ತು, ಆದರೆ ಸ್ಟೇಷನ್ನು ಎಲ್ಲಿದೆ, ಇನ್ನೂ ಬಂದಿಲ್ಲವಲ್ಲ ಎಂದುಕೊಂಡೆ. ಬಂದಾಗ ಎದ್ದೆ. ನನ್ನ ಮತ್ತು ಬಾಗಿಲಿನ ನಡುವೆ ಒಂದು ಊರಿನಷ್ಟು ಜನ. ದೇಸಾಯರು ಅತ್ತ ಕೂಗುತ್ತಿದ್ದರು, ನಾನು ಇತ್ತ ಕೂಗುತ್ತಿದ್ದೆ, ಡೊಂಬಿವಲಿ ನಮ್ಮಿಬ್ಬರ ನಡುವಿನಿಂದ ಹಿಂದಕ್ಕೆ ಹೋಯಿತು. ನನ್ನನ್ನು ಬಿಟ್ಟು ಇಳಿಯಲಾರದೆ ಅವರೂ ಉಳಿದರು. ನನ್ನ ಜಾಗದಲ್ಲಿ ಆಗಲೇ ಆ ಅಪರಿಚಿತ ಕೂತಾಗಿತ್ತು.

ಕಲ್ಯಾಣ, ಕರೆಯದೆ ಹೋದದ್ದು

ಹೀಗೆ ಕಲ್ಯಾಣಕ್ಕೆ ಬಂದು ಬಿದ್ದೆವು. ಬಂದದ್ದು ಬಂದಾಗಿದೆ, ಭಾಗವತರನ್ನು ಕಂಡೇ ಹೋಗೋಣವೆಂದು ದೇಸಾಯರು ಸ್ಟೇಷನ್ನಿನ ಹತ್ತಿರವೇ ಇದ್ದ ವಿಷ್ಣು ಭಾಗವತರ ಮನೆಗೆ ಕರೆದೊಯ್ದರು. ಉಡುಪಿ ಕಡೆಯವರು, ಮದುವೆ ಮುಂಜಿಗಳ ಅಡುಗೆಯ ಗುತ್ತಿಗೆ ಅವರ ಕಸುಬು. ಭಾನುವಾರ ನನ್ನ ಭಾಷಣದ ನಂತರ ನಡೆಯುವ ತಾಳಮದ್ದಳೆಗೆ ಅವರೇ ಭಾಗವತರು.

ನಮ್ಮ ಗದಗಿನ ಕಡೆಯವರಿಗೆ ತಾಳಮದ್ದಳೆ ಅಷ್ಟಾಗಿ ಗೊತ್ತಿಲ್ಲ. ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಶಾಲು ಹೊದ್ದು ಎದುರುಬದುರು ಕುರ್ಚಿಯಲ್ಲಿ ಕೂತವರು ರಾಜನಾಗಿ, ಮಂತ್ರಿಯಾಗಿ ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ, ಅಂದರೆ ವಾದ ಮಾಡುತ್ತಾರೆ. ಬರೆದ ಮಾತಿಲ್ಲ, ಬಾಯಿಗೆ ಬಂದದ್ದೇ ಮಾತು. ಕಥೆ ಮಾತ್ರ ಬದಲಾಗುವಂತಿಲ್ಲ. ಸೋಲಬೇಕಾದವನು ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸೋಲಬೇಕು. ಯಾರಿಗೆ ಯಾವ ಪಾತ್ರ ಎಂಬುದು ಭಾಗವತರ ಮಾತು, ಅದಕ್ಕೆ ಎದುರಾಡುವಂತಿಲ್ಲ.

ಭಾನುವಾರದ ಪ್ರಸಂಗ ಅವರ ಊರಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ವೀರಕೇತು ಎಂಬ ರಾಜ ದಂಡೆತ್ತಿ ಹೋಗುವಾಗ ತಮ್ಮ ಶುಭಕೇತುವನ್ನು ಸಿಂಹಾಸನದಲ್ಲಿ ಕೂರಿಸಿ ಹೋಗುತ್ತಾನೆ. ವರ್ಷಗಳ ಮೇಲೆ ತಿರುಗಿ ಬಂದರೆ ತಮ್ಮ ಏಳಲೊಲ್ಲ. ಅಣ್ಣ ವಾದ ಮಾಡಿ ಇಳಿಸುತ್ತಾನೆ.

ನಾವು ತಡವಾಗುತ್ತೇವೆಂದು ಡೊಂಬಿವಲಿಗೆ ತಿಳಿಸಲು ದೇಸಾಯರು ಮೊಬೈಲು ಹಿಡಿದು ಸಿಗ್ನಲ್ಲು ಹುಡುಕುತ್ತ ಕೆಳಗೆ ಹೋದರು. ಭಾಗವತರು ನನ್ನ ಮುಂದೆ ಅವಲಕ್ಕಿಯ ತಟ್ಟೆ ಇಟ್ಟು ಕೇಳಿದರು: "ಮೇಡಂ, ನೀವು ನಾಟಕ ಕಲಿಸಿದವರು. ಇಬ್ಬರಿದ್ದಾರೆ, ನಮ್ಮ ಅಧ್ಯಕ್ಷರು ಸಂಜೀವಣ್ಣ, ಮತ್ತೆ ಈ ದೇಸಾಯರು. ಅಣ್ಣ ಯಾರಿಗೆ, ತಮ್ಮ ಯಾರಿಗೆ? ಎಂತ ಹೇಳ್ತೀರಿ?"

ಸಂಜೀವಣ್ಣನ ದನಿ ಫೋನಿನಲ್ಲಿ ಕೇಳಿದ್ದೆ, ಗುಡುಗಿನಂಥದ್ದು. ನಾನು ಪಾಠದ ಹುರುಪಿನಲ್ಲಿ, "ಸಿಂಹಾಸನ ಕೇಳುವವನ ದನಿ ದೊಡ್ಡದಿರಬೇಕು, ಕೂತವನ ದನಿ ಸಣ್ಣದಿರಬೇಕು. ಆಗ ಸೊಗಸು. ಅಧ್ಯಕ್ಷರು ಅಣ್ಣ ಆಗಲಿ, ದೇಸಾಯರು ಏಳಲೊಲ್ಲದ ತಮ್ಮ ಆಗಲಿ," ಎಂದುಬಿಟ್ಟೆ.

ಭಾಗವತರು ನನ್ನನ್ನು ಒಂದು ಗಳಿಗೆ ನೋಡಿ, ಹೊಟ್ಟೆ ಕುಲುಕುವಂತೆ ನಕ್ಕರು. "ಆಯ್ತು. ಧಾರವಾಡ ಕಡೆಯವರು ಕೊಟ್ಟ ತೀರ್ಪು. ನನ್ನ ತಲೆ ಮೇಲಿಲ್ಲ." ಯಾಕೆ ನಕ್ಕರೆಂದು ತಿಳಿಯಲಿಲ್ಲ. ಗದಗ ಧಾರವಾಡವಲ್ಲ ಎಂದು ಹೇಳುವುದನ್ನೂ ಮರೆತೆ.

ಡೊಂಬಿವಲಿ ಎಂಐಡಿಸಿ

ನಕ್ಕದ್ದು ಯಾಕೆಂದು ಮರುದಿನ ಬೆಳಿಗ್ಗೆ ಇಡ್ಲಿ ತಿನ್ನುವಾಗ ತಿಳಿಯಿತು. ನಾನು ಉಳಿದದ್ದು ಸಂಜೀವಣ್ಣನ ಮನೆಯಲ್ಲಿ. ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಮಗ್ಗುಲಿನ ವಸತಿ ಭಾಗ. ಗಾಳಿ ತಿರುಗಿದಾಗ ಕೊಳೆತ ಮೊಟ್ಟೆಯಂಥ ಒಂದು ವಾಸನೆ ಬಂದು ಮೂಗಿನಲ್ಲಿ ಮನೆ ಮಾಡುತ್ತದೆ. ನಾನು ಸೆರಗು ಮುಚ್ಚಿಕೊಂಡರೆ ಸಂಜೀವಣ್ಣ, "ಎಂತ ವಾಸನೆ ಮಾರಾಯ್ರೆ? ನಮಗೆ ಊರಿಗೆ ಹೋದ್ರೆ ಇದಿಲ್ಲದೆ ನಿದ್ರೆ ಬರುದಿಲ್ಲ," ಎಂದರು. ಕಾರ್ಕಳ ಕಡೆಯವರು, ಅಗಲ ಮೈ, ಅಗಲ ನಗು. ಸ್ಟೇಷನ್ನಿನ ಹತ್ತಿರ ಅವರ ಹೋಟೆಲು. ಈಗ ಮಗ ನೋಡಿಕೊಳ್ಳುತ್ತಾನೆ.

ಸಂಘ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷರು. ಬಾಡಿಗೆ ಖೋಲಿಯಲ್ಲಿದ್ದ ಸಂಘಕ್ಕೆ ಸ್ವಂತ ಸಭಾಗೃಹ ಕಟ್ಟಿಸಿದವರು. ಅಲ್ಲಿನ ತೇಗದ ಕುರ್ಚಿಯನ್ನು ಊರಿನಿಂದ ಲಾರಿಯಲ್ಲಿ ತರಿಸಿದವರು. ಅದರಲ್ಲಿ ಬೇರೆ ಯಾರೂ ಕೂತದ್ದಿಲ್ಲ.

"ನಾಳೆ ತಾಳಮದ್ದಳೆ ಮುಗಿದ ಮೇಲೆ ಮಹಾಸಭೆ. ಚುನಾವಣೆ. ಇಷ್ಟು ವರ್ಷ ಅವಿರೋಧ. ಈ ಸಲ ಒಬ್ಬರು ಎದುರು ನಿಂತಿದ್ದಾರೆ," ಎಂದರು.

"ಯಾರು?"

"ಯಾರೆಂದರೆ? ನಿಮ್ಮನ್ನು ಕಲ್ಯಾಣ ಸುತ್ತಿಸಿ ಕರ್ಕೊಂಡು ಬಂದವರೇ. ಅರ್ಥ ಹೇಳ್ಲಿಕ್ಕೆ ಅವರಿಗೆ ಕಲಿಸಿದ್ದು ನಾನು. ಈಗ ನನಗೇ ಹೇಳ್ತಾರೆ, ಎರಡೆರಡು ವರ್ಷ ಸರದಿ ಆಗ್ಬೇಕಂತೆ."

ಕೈಯಲ್ಲಿದ್ದ ಇಡ್ಲಿಯನ್ನು ತಟ್ಟೆಗೆ ಇಟ್ಟೆ. ಏಳಲೊಲ್ಲದ ಅಧ್ಯಕ್ಷನಿಗೆ 'ಏಳು' ಎನ್ನುವ ಪಾತ್ರ, ಏಳಿಸಲು ಬಂದವನಿಗೆ 'ಏಳಲಾರೆ' ಎನ್ನುವ ಪಾತ್ರ. ಹಂಚಿದವಳು ನಾನು. ಬದಲಿಸಬಹುದೇ ಎಂದು ಅಂಜುತ್ತ ಕೇಳಿದೆ. "ಭಾಗವತರು ಹೇಳಿದ ಮೇಲೆ ಮುಗೀತು. ಅರ್ಥಕ್ಕೂ ಸಂಘಕ್ಕೂ ಎಂತ ಸಂಬಂಧ?" ಎಂದರು ಸಂಜೀವಣ್ಣ. ಅವರ ಹೆಂಡತಿ ಸುಮತಿ ತುಳುವಿನಲ್ಲಿ ಏನೋ ಅಂದರು. ಸಂಜೀವಣ್ಣ ಕೈ ತೊಳೆಯಲು ಎದ್ದರು. ನನಗೆ ತುಳು ಬಾರದು, ಕೇಳುವ ಧೈರ್ಯವೂ ಬರಲಿಲ್ಲ.

ಕೈ ತೊಳೆದು ಬಂದು ಅವರೇ ಹೇಳಿದರು, ದನಿ ತಗ್ಗಿಸಿ. "ನಿಜ ಹೇಳ್ಬೇಕಾದ್ರೆ ಮೇಡಂ, ಕುರ್ಚಿಯ ಆಸೆ ಅಲ್ಲ ಇದು. ಬೆಳಿಗ್ಗೆ ಎದ್ದು ಸಂಘದ ಬಾಗಿಲು ತೆಗೀತೇನೆ. ಅಂಗನವಾಡಿ ಟೀಚರ ಮಗನಿಗೆ ಶಾಲೆ, ಯಾರಿಗೋ ಆಸ್ಪತ್ರೆ. ಹೋಟೆಲಿನಲ್ಲಿ ಈಗ ನಾನು ಗಲ್ಲಾದ ಹತ್ತಿರ ನಿಂತರೆ ಮಗನಿಗೆ ಕಿರಿಕಿರಿ. ಇದೂ ಇಲ್ಲದಿದ್ದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುದು?"

ನಾನು ಬರೆದ ಪ್ರಬಂಧದಲ್ಲಿ ರಾಜರೆಲ್ಲ ಅಧಿಕಾರದ ಮದದಿಂದ ಅಂಟಿಕೊಂಡವರು. ಇಂಥವನೊಬ್ಬ ಅದರಲ್ಲಿ ಇರಲಿಲ್ಲ.

ಭಾನುವಾರ

ಭಾನುವಾರ ರೈಲ್ವೆಯವರು ಹಳಿ ರಿಪೇರಿಗೆಂದು ಗಾಡಿ ಕಡಿಮೆ ಮಾಡುತ್ತಾರೆ, ಮೆಗಾಬ್ಲಾಕು. ಮುಂದೆ ಕೂರಬೇಕಾದವರು ತಡವಾಗಿ ಬಂದು ಹಿಂದೆ ಕೂತರು. ಉಳಿದ ಹೊತ್ತಿನಲ್ಲಿ ನನ್ನ ಭಾಷಣ. 'ಹಳೆಯ ನಾಟಕ' ಎಂಬಲ್ಲಿಗೆ ಮೈಕು ಸತ್ತಿತು, 'ಇಂದಿನ ರಾಜಕಾರಣ' ಎನ್ನುವಾಗ ಬದುಕಿತು, ಅಷ್ಟರಲ್ಲಿ ಮದ್ದಳೆಯವರು ಶ್ರುತಿ ಮಾಡತೊಡಗಿದ್ದರು. ನಾನು ನಮಸ್ಕಾರ ಹೇಳಿ ಕೂತೆ. ಒಳ್ಳೆಯ ಚಪ್ಪಾಳೆ ಬಂತು.

ವೇದಿಕೆಯ ಮೇಲೆ ಸಿಂಹಾಸನಕ್ಕೆ ಬೇರೆ ಕುರ್ಚಿ ಇರಲಿಲ್ಲ. ತೇಗದ ಕುರ್ಚಿಯನ್ನೇ ಇಟ್ಟಿದ್ದರು. ದೇಸಾಯರು ಅದರ ತುದಿಯಲ್ಲಿ, ಕಾದ ಹಂಚಿನ ಮೇಲೆ ಕೂತವರಂತೆ ಕೂತರು. ಎದುರಿಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಂಜೀವಣ್ಣ. ಸಭೆಯಲ್ಲಿ ಗುಸುಗುಸು. ಭಾಗವತರು ಮೈಕಿನಲ್ಲೇ, "ಪಾತ್ರ ಹಂಚಿದ್ದು ಧಾರವಾಡದ ಮೇಡಂ," ಎಂದು ನನ್ನ ಕಡೆ ಕೈ ತೋರಿಸಿ ಜಾಗಟೆ ಹೊಡೆದರು.

ಏಳಲಾರೆ ಎನ್ನುವುದಕ್ಕೆ ದೇಸಾಯರಲ್ಲಿ ವಾದವಿರಲಿಲ್ಲ. ವರ್ಷಗಟ್ಟಲೆ ಅದರ ವಿರುದ್ಧವೇ ಯೋಚಿಸಿದವರು. ಒಂದು ಗಳಿಗೆ ತಡವರಿಸಿ, ಕಡೆಗೆ ತಮಗೆ ಗೊತ್ತಿದ್ದ ಒಂದೇ ವಾದವನ್ನು ತೆಗೆದರು. ಪ್ರತಿ ಮಹಾಸಭೆಯಲ್ಲೂ ಕೇಳಿ ಕೇಳಿ ಬಾಯಿಪಾಠವಾಗಿದ್ದ ಸಂಜೀವಣ್ಣನ ವಾದ.

"ಅಣ್ಣಾ, ಈ ಸಸಿ ನೆಟ್ಟವನು ನಾನು. ನೀರೆರೆದವನು ನಾನು. ಬಾಡಿಗೆಯ ಬಿಡಾರದಲ್ಲಿದ್ದ ರಾಜ್ಯಕ್ಕೆ ಸೂರು ಕಟ್ಟಿದವನು ನಾನು. ಆಗ ನೀವೆಲ್ಲ ಎಲ್ಲಿದ್ದಿರಿ?"

ಸಭೆ ಗೊಳ್ಳೆಂದು ನಕ್ಕಿತು. ಸಂಜೀವಣ್ಣನ ಮುಖ ಕೆಂಪಾಯಿತು. ಎದ್ದು ಹೋಗುತ್ತಾರೆಂದೇ ನಾನು ಹೆದರಿದೆ. ಆದರೆ ಭಾಗವತರು ಪದ್ಯ ಎತ್ತಿದರು, ಮದ್ದಳೆ ನುಡಿಯಿತು, ಅವರೊಳಗಿನ ಕಲಾವಿದ ಸುಮ್ಮನಿರಲಾರದೆ ಹೊರಗೆ ಬಂದ.

"ತಮ್ಮಾ, ಸಸಿ ನೆಟ್ಟವನು ನೀನೇ, ಒಪ್ಪಿದೆ. ಆದರೆ ಮರವಾದ ಮೇಲೆ ಅದರಡಿಯಲ್ಲಿ ನಿಲ್ಲಬೇಕು. ನೀನು ಮೇಲೆ ಹತ್ತಿ ಕೂತಿದ್ದೀಯೆ. ಹಣ್ಣು ಬಿದ್ದರೆ ನಿನ್ನಿಂದ, ಎಲೆ ಉದುರಿದರೆ ಗಾಳಿಯಿಂದ ಎನ್ನುತ್ತೀಯೆ. ಸೂರು ಕಟ್ಟಿದವನು ಸೂರಿನಡಿ ಮಲಗುವವರನ್ನು ಎಣಿಸುತ್ತ ಕೂತರೆ ಅದು ಅರಮನೆಯೋ ಕಾವಲುಮನೆಯೋ?"

ಈಗ ನಗು ಇಲ್ಲ. ಸಂಜೀವಣ್ಣನ ವಾದವನ್ನು ಸಂಜೀವಣ್ಣ ಒಂದೊಂದಾಗಿ ಮುರಿಯುತ್ತಿದ್ದರು. ಅಷ್ಟು ಚೆನ್ನಾಗಿ ಮುರಿಯಲು ಇನ್ಯಾರಿಂದಲೂ ಆಗುತ್ತಿರಲಿಲ್ಲ, ಅದರ ಮೂಳೆ ಮಾಂಸ ಅವರಿಗೆ ಮಾತ್ರ ಗೊತ್ತು. ಪುರಾಣದ ರಾಜನ ಬಾಯಲ್ಲಿ ಲೋಕಲ್ ಗಾಡಿಯೂ ಬಂತು. "ಕೂತವನಿಗೆ ಊರು ಹತ್ತಿರ ಬಂದದ್ದು ತಿಳಿಯುವುದಿಲ್ಲ ತಮ್ಮಾ. ನಿಂತವನಿಗೆ ತಿಳಿಯುತ್ತದೆ. ಬೋಗದಾ ಬಂದಾಗ ಏಳದವನನ್ನು ಗಾಡಿ ಕಾಯುವುದಿಲ್ಲ." ನನಗೆ ಕಲ್ಯಾಣ ನೆನಪಾಗಿ ಮೈ ಬಿಸಿಯಾಯಿತು.

ಆಗಲೇ ಆ ವಾರ್ಡಿನಿಂದ ನಗರಸೇವಕ, ಅಂದರೆ ಪಾಲಿಕೆಯ ಸದಸ್ಯನಾಗಲು ನಿಂತಿದ್ದ ಅಭ್ಯರ್ಥಿಯೊಬ್ಬ ಹಿಂಬಾಲಕರೊಡನೆ ಬಂದು ಮುಂದಿನ ಸಾಲಿನಲ್ಲಿ ಕೂತ. ಕನ್ನಡ ಒಂದಕ್ಷರ ಬಾರದು. ಯಾರು ರಾಜ ಎಂದು ಮರಾಠಿಯಲ್ಲಿ ಕೇಳಿದ. ತೇಗದ ಕುರ್ಚಿಯಲ್ಲಿ ಕೂತವರನ್ನು ಯಾರೋ ತೋರಿಸಿದರು. ಅಲ್ಲಿಂದ ಮುಂದೆ ದೇಸಾಯರು ಬಾಯಿ ತೆರೆದಾಗಲೆಲ್ಲ ಅವನ ಚಪ್ಪಾಳೆಯೋ ಚಪ್ಪಾಳೆ. ಅವನು ಹೋದ ಮೇಲೆ ಸಭೆ ಉಸಿರು ಬಿಟ್ಟಿತು.

ದೇಸಾಯರ ಬಳಿ ವಾದ ಮುಗಿದಿತ್ತು. ಕುರ್ಚಿಯ ಕೈ ಸವರಿದರು. ಆಮೇಲೆ ಪುಸ್ತಕದ ಕನ್ನಡ ಬಿಟ್ಟು, ಸಣ್ಣ ದನಿಯಲ್ಲಿ, ತಮ್ಮ ಊರಿನ ಮಾತಿನಲ್ಲೇ ಕೇಳಿದರು.

"ಆತಣ್ಣ, ಇಳೀತೀನಿ. ಇಳದ ಮ್ಯಾಲೆ ನಾ ಎಲ್ಲಿಗ್ ಹೋಗ್ಲಿ? ಅದನ್ನ ಹೇಳಿ ಇಳಸು."

ಸಂಜೀವಣ್ಣ ನನಗೆ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆ ಕುರ್ಚಿಯಲ್ಲಿ ಕೂತ ಮೇಲೆ ಅದು ದೇಸಾಯರಿಗೆ ತಾನಾಗಿ ಹೊಳೆದಿರಬೇಕು. ಸಂಜೀವಣ್ಣ ಬಾಯಿ ತೆರೆದರು, ಮುಚ್ಚಿದರು. ಅರ್ಥಧಾರಿ ತಡವರಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿ ಮಾನ ಉಳಿಸುವುದು ರೂಢಿಯಂತೆ. ವಿಷ್ಣು ಭಾಗವತರು ಜಾಗಟೆಯನ್ನು ಮಡಿಲಲ್ಲಿಟ್ಟು ಕಾದರು.

"ಗೊತ್ತಿಲ್ಲ ತಮ್ಮಾ," ಎಂದರು ಸಂಜೀವಣ್ಣ.

ನನ್ನ ಪಕ್ಕ ಕೂತ ಸುಮತಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಆಗ ಪದ್ಯ ಬಂತು. ಕಥೆ ಬದಲಾಗುವಂತಿಲ್ಲವಲ್ಲ, ದೇಸಾಯರು ಕುರ್ಚಿಯಿಂದ ಇಳಿದರು.

ಅದರ ಹಿಂದೆಯೇ ಮಹಾಸಭೆ. ಅಂಥ ಗೊಂದಲವನ್ನು ನಾನು ಎಲ್ಲೂ ನೋಡಿಲ್ಲ. ಕರಾವಳಿಯವರೊಬ್ಬರು ಎದ್ದು, "ಸಸಿ ನೆಟ್ಟವರೇ ಇರ್ಬೇಕು ಅಂತ ಸ್ವತಃ ದೇಸಾಯರೇ ಹೇಳಿದ್ದಾರಲ್ಲ!" ಎಂದರು. ನಮ್ಮ ಕಡೆಯವರೊಬ್ಬರು ಎದ್ದು, "ಬೋಗದಾ ಬಂತು ಏಳಬೇಕು ಅಂತ ಅಧ್ಯಕ್ಷರ ಹೇಳ್ಯಾರಲ್ರಿ!" ಎಂದರು. ಅದು ಪಾತ್ರದ ಮಾತು ಎಂದು ಇವರು, ಇದೂ ಪಾತ್ರದ ಮಾತು ಎಂದು ಅವರು. ಹಾಗಾದರೆ ಅಧ್ಯಕ್ಷರು ಪ್ರತಿವರ್ಷ ಮಹಾಸಭೆಯಲ್ಲಿ ಆಡಿದ್ದು ಯಾವ ಪಾತ್ರದ ಮಾತು ಎಂದು ಇನ್ಯಾರೋ. ಒಬ್ಬೊಬ್ಬರೂ ಎದುರು ಪಕ್ಷದವನ ಮಾತನ್ನೇ ಹಿಡಿದು ಕಾದಾಡುತ್ತಿದ್ದರು. "ಮೇಡಂ, ನೀವೇ ಹೇಳಿ," ಎಂದು ನನ್ನ ಮುಂದೆ ಮೈಕು ಹಿಡಿದರು. ವಿಷಯದ ತಜ್ಞೆ ನಾನು, ನೀರು ಕುಡಿದೆ.

ದೇಸಾಯರು, "ನನಗ ಬ್ಯಾಡ್ರಿ. ಆ ಕುರ್ಚ್ಯಾಗ ಕುಂತ ನೋಡೀನಿ," ಎಂದರು. ಆಗ ಸಂಜೀವಣ್ಣ ಎದ್ದರು. "ನಾನು ಇಷ್ಟು ಹೊತ್ತು ವಾದ ಮಾಡಿ ಸೋಲಿಸಿದ್ದು ನನ್ನನ್ನೇ. ಈಗ ಹೋಗಿ ಅದರಲ್ಲಿ ಕೂತರೆ ನಾಳೆ ಯಾವ ಮುಖದಿಂದ ಅರ್ಥ ಹೇಳುದು? ದೇಸಾಯರೇ, ಎರಡು ವರ್ಷ. ಕೂತ್ಕೊಳ್ಳಿ." ಕೈ ಎತ್ತಿದವರೆಷ್ಟು, ಎತ್ತದವರೆಷ್ಟು, ಯಾರೂ ಸರಿಯಾಗಿ ನೋಡಲಿಲ್ಲ. ದೇಸಾಯರು ಅಧ್ಯಕ್ಷರಾದರು.

ಮತ್ತೆ ಠಾಣೆಗೆ

ಸೋಮವಾರ ಬೆಳಿಗ್ಗೆ ಸಂಜೀವಣ್ಣ ಎಂದಿನಂತೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿ, ಬಾಗಿಲ ಬಳಿಯ ಮೊಳೆಗೆ ಕೈ ಹಾಕಿದರು. ಅಲ್ಲಿ ಸಂಘದ ಬೀಗದ ಕೈ ಇರಲಿಲ್ಲ. ಹಿಂದಿನ ಸಂಜೆಯೇ ದೇಸಾಯರಿಗೆ ಕೊಟ್ಟಾಗಿತ್ತು. ಖಾಲಿ ಮೊಳೆಯನ್ನು ಹಿಡಿದು ಅವರು ನಿಂತದ್ದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ನನ್ನ ಬಾಯಿ ಕಲ್ಯಾಣದಲ್ಲಿ ಸುಮ್ಮನಿದ್ದಿದ್ದರೆ ಇದೇನೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ, "ನಡೀರಿ ಮೇಡಂ, ನಿಮ್ಮನ್ನು ಠಾಣೆಗೆ ಬಿಟ್ಟು ಬರ್ತೇನೆ. ನನಗೂ ಬೇರೆ ಕೆಲಸ ಇಲ್ಲ," ಎಂದು ನನ್ನ ಚೀಲ ಎತ್ತಿಕೊಂಡರು.

ದೇಸಾಯರೂ ಅರ್ಧ ದಿನದ ರಜೆ ಹಾಕಿ ವಾಶಿಗೆ ಹೊರಟವರು ಸ್ಟೇಷನ್ನಿನಲ್ಲಿ ಸಿಕ್ಕರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಾಡಿಯಲ್ಲಿ ನಿಂತವರು ಇದ್ದರು, ಆದರೂ ಉಸಿರಾಡಬಹುದಾಗಿತ್ತು. ನಮ್ಮ ಮೂವರಿಗೆ ಹೇಗೋ ಜಾಗ ಸಿಕ್ಕಿತು. ನಡುವೆ ನಾನು, ಇಬ್ಬರು ರಾಜರ ಮಧ್ಯೆ ಸಿಕ್ಕಿದ ಮಂತ್ರಿಯಂತೆ. ಸಂಜೀವಣ್ಣ ಲೋಕಲ್ ಹತ್ತಿ ಎಷ್ಟೋ ವರ್ಷವಾಗಿತ್ತಂತೆ. ಕಿಟಕಿಯ ಹೊರಗೆ ನೋಡುತ್ತ ಕೂತರು.

ಎದುರು ನಿಂತ ಒಬ್ಬ ಮುದುಕ ಬಗ್ಗಿ ಅವರನ್ನು ಕೇಳಿದ: "ಕುಠೇ ಉತರಣಾರ್?"

ಸಂಜೀವಣ್ಣ ಅವನನ್ನು ಬಹಳ ಹೊತ್ತು ನೋಡಿದರು. ಎದ್ದರು, ಅವನ ತೋಳು ಹಿಡಿದು ತಮ್ಮ ಜಾಗದಲ್ಲಿ ಕೂರಿಸಿದರು.

"ಕೂಡ್ರಿ ಅಧ್ಯಕ್ಷರ, ಬೋಗದಾ ಇನ್ನೂ ದೂರ ಐತಿ," ದೇಸಾಯರು ಅಭ್ಯಾಸಬಲದಿಂದ ಅಂದು ನಾಲಿಗೆ ಕಚ್ಚಿಕೊಂಡರು.

ಸಂಜೀವಣ್ಣ ಅವರ ಎದುರಿಗೇ ಬಂದು, ಮೇಲಿನ ಹಿಡಿ ಹಿಡಿದು ನಿಂತರು. ಎರಡು ದಿನದಿಂದ ಕಾಣದಿದ್ದ ಆ ಅಗಲ ನಗು ಮುಖದ ಮೇಲೆ ನಿಧಾನಕ್ಕೆ ಹರಡಿತು. ಬಗ್ಗಿದರು.

"ದೇಸಾಯರೇ, ನೀವು ಎಲ್ಲಿ ಇಳೀತೀರಿ?"

"ಠಾಣೆರಿ. ದಿನಾ ಅಲ್ಲೇ ಅಲ್ರಿ..." ಎಂದು ಆರಂಭಿಸಿದ ದೇಸಾಯರಿಗೆ ಕೇಳಿದ್ದರ ಅರ್ಥ ಅಷ್ಟರಲ್ಲಿ ಹೊಳೆಯಿತು.

"ನಿನ್ನೆ ಕೇಳಿದ್ರಲ್ಲ, ಇಳಿದವ ಎಲ್ಲಿಗೆ ಹೋಗ್ಬೇಕು ಅಂತ? ನಿನ್ನೆ ಹೊಳೀಲಿಲ್ಲ. ಈಗ ಹೇಳ್ತೇನೆ. ಎಲ್ಲಿಗೂ ಹೋಗುದಿಲ್ಲ ಮಾರಾಯ್ರೆ. ಹೀಗೆ ಎದುರು ಬಂದು ನಿಲ್ಲುದು. ಕೂತವನ ಹತ್ರ ಕೇಳ್ತಾ ಇರುದು. ನಾಳೆ ಬೆಳಿಗ್ಗೆ ಸಂಘಕ್ಕೆ ಬರ್ತೇನೆ, ಬೀಗ ನೀವು ತೆಗೀರಿ. ಆ ಅಂಗನವಾಡಿ ಟೀಚರ ಮಗನ ಶಾಲೆಯ ಕೆಲಸ ಎಂತ ಆಯ್ತು ಅಂತ ಮೊದಲು ಕೇಳುದು ಅದನ್ನೇ."

ದೇಸಾಯರ ಕಣ್ಣು ತುಂಬಿದವು. "ಬರ್ರಿ," ಎಂದರು. "ಬರಲಿಲ್ಲಂದ್ರ ನಾನ ಮನೀಗೆ ಬರ್ತೀನಿ."

ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ನನ್ನ ಚೀಲದಲ್ಲಿದ್ದ ಪ್ರಬಂಧದ ಬಗ್ಗೆ ಏನು ಮಾಡಬೇಕೋ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆದರೆ ಬೆಳಕು ಕಿಟಕಿಯಿಂದ ಇದ್ದಕ್ಕಿದ್ದಂತೆ ಮಾಯವಾಗಿ, ಡಬ್ಬಿಯ ತುಂಬ ಗಡಗಡ ಸದ್ದು ತುಂಬಿದಾಗ, ಯಾರೂ ಹೇಳುವ ಮೊದಲೇ ನಾನು ಎದ್ದು ನಿಂತಿದ್ದೆ.